ಹುಲ್ಲಪ್ಪನ ಹಲ್ಲಿನ ಜೀವ

ಬಾಗಲಕೋಟೆ ಸುತ್ತಮುತ್ತ ಯಾವ ಹಲ್ಲಿನ ದವಾಖಾನೆಯ ಡ್ರಿಲ್ ಕೆಟ್ಟರೂ ಅದು ಬಂದು ಸೇರುವುದು ನವನಗರದ ಹುಲ್ಲಪ್ಪನ ಮೇಜಿಗೆ. ಮೊದಲು ಗುಳೇದಗುಡ್ಡದಲ್ಲಿ ಪವರ್‌ಲೂಮ್ ರಿಪೇರಿ ಮಾಡಿಕೊಂಡಿದ್ದವನು. ಅಷ್ಟು ದೊಡ್ಡ ಮಗ್ಗ ಬಿಚ್ಚಿ ಜೋಡಿಸುವವನಿಗೆ ಈ ಗೇಣುದ್ದದ ಸಾಮಾನು ಯಾವ ಲೆಕ್ಕ ಎಂದು ಯಾರೋ ಡಾಕ್ಟರು ಕೈಗೆ ಕೊಟ್ಟರು. ಹದಿನೆಂಟು ವರ್ಷವಾಯಿತು, ಅದನ್ನೇ ಹಿಡಿದು ಕೂತಿದ್ದಾನೆ. ಡಾಕ್ಟರಿಗೇ ಪಾಠ ಹೇಳುವಷ್ಟು ಅನುಭವ, ಹೇಳದೆ ಇರಲಾರದಷ್ಟು ಬಾಯಿ, ಎರಡೂ ಅವನಿಗಿವೆ.

“ಹಲ್ಲಂದ್ರ ಕಲ್ಲಲ್ರಿ. ಒಳಗ ನರ ಐತಿ, ರಕ್ತ ಐತಿ. ಮಷೀನು ನಿಮಿಷಕ್ಕ ಮೂರು ಲಕ್ಷ ಸುತ್ತು ತಿರಗತೈತಿ. ಮ್ಯಾಲ ನೀರು ಬೀಳಲಿಲ್ಲಂದ್ರ ಒಳಗ ಕಾವು ಏರಿ ನರ ಸಾಯತೈತಿ. ಇಂಜೆಕ್ಷನ್ ಕೊಟ್ಟ ಮ್ಯಾಲ ಪೇಶಂಟಗ ಅದು ಹ್ಯಾಂಗ ಗೊತ್ತಾಗಬೇಕು?”

ರಿಪೇರಿಯಾದ ಡ್ರಿಲ್ಲನ್ನು ಅವನು ಸುಮ್ಮನೆ ಕಳಿಸುವವನಲ್ಲ. ಡಾಕ್ಟರುಗಳು ಕಿತ್ತ ಹಲ್ಲುಗಳನ್ನು ಬೇಡಿ ತಂದು, ಕುದಿಸಿ, ಡಬ್ಬಿಯಲ್ಲಿಟ್ಟಿದ್ದಾನೆ. ಒಂದನ್ನು ಕೊರೆದು ತಕ್ಷಣ ತನ್ನ ಕೆನ್ನೆಗೆ ಒತ್ತಿ ನೋಡುತ್ತಾನೆ. ಬೆಚ್ಚಗಾಯಿತೋ, ಡ್ರಿಲ್ ಮತ್ತೆ ಮೇಜಿಗೆ. ಆ ಹಲ್ಲು ಕುದಿಸುವ ಪಾತ್ರೆ ಅಡಿಗೆಮನೆಯ ಹೊಸ್ತಿಲು ದಾಟಕೂಡದೆಂದು ಹೆಂಡತಿ ಸಾವಂತ್ರವ್ವ ಕಟ್ಟಪ್ಪಣೆ ಮಾಡಿದ್ದಾಳೆ.

ಇಂಥವನಿಗೆ ದೀಪಾವಳಿ ಹೊತ್ತಿಗೆ ಸ್ವಂತ ದವಡೆಹಲ್ಲು ತಣ್ಣೀರಿಗೆ ಜುಮ್ಮೆಂದಿತು. ಸಣ್ಣ ಹುಳುಕು, ಅರ್ಧ ತಾಸಿನ ಕೆಲಸ. ಆದರೆ ಯಾರ ಕೈಗೆ ಬಾಯಿ ಕೊಡುವುದು? ಇಳಕಲ್ಲಿನ ಡಾಕ್ಟರು ಕೊರೆಯುವ ಮೊನೆ ಮೊಂಡಾದರೂ ಅದನ್ನೇ ಹಾಕಿ ಜೋರಾಗಿ ಒತ್ತುತ್ತಾರೆ. ಹುನಗುಂದದವರ ಡ್ರಿಲ್ಲಿನ ನೀರಿನ ತೂತು ಬೋರ್‌ವೆಲ್ಲಿನ ಸುಣ್ಣ ಕಟ್ಟಿ ಮುಚ್ಚಿದೆ. ಬಾದಾಮಿಯವರದು ಬೇರಿಂಗ್ ಸವೆದು ಗಡಗಡ ನಡುಗುತ್ತದೆ. ಎಲ್ಲರ ಬಂಡವಾಳವೂ ಗೊತ್ತಿರುವುದರ ಕಷ್ಟ ಇದು.

“ಅಷ್ಟೂ ಮಂದಿ ಅವರ ಕಡೇನ ತೋರಿಸ್ಕೊಂಡು ಚಂದಾಗಿ ರೊಟ್ಟಿ ಉಣ್ಣಾಕ ಹತ್ಯಾರ,” ಎಂದಳು ಸಾವಂತ್ರವ್ವ. “ನೀವಷ್ಟ ಒಂದು ಕಡೀಗೆ ನಮಲತೀರಿ.”

“ಅವರಿಗೆ ಗೊತ್ತಿಲ್ಲ, ಉಣ್ತಾರ. ನನಗ ಗೊತ್ತೈತಿ.”

ಕೊನೆಗೆ ತನ್ನ ಹಲ್ಲಿಗೆ ತಾನೇ ಒಂದು ಡ್ರಿಲ್ ಸಜ್ಜುಮಾಡಲು ಕೂತ. ಹೊಸ ಬೇರಿಂಗ್‌ಗಾಗಿ ಎರಡು ತಿಂಗಳು ಕಾದ. ಬಂದದ್ದು ಮನಸ್ಸಿಗೆ ಹಿಡಿಸದೆ ವಾಪಸ್ ಕಳಿಸಿದ. ಸಂಕ್ರಾಂತಿಗೆ ನೋವು ತಲೆಗೇರಿ ಮೂರು ದಿನ ಮಾತೇ ನಿಂತಿತು. ಮನೆಯವರಿಗೆ ಆ ಮೂರು ದಿನ ಒಂದು ಥರ ಹಬ್ಬವೇ ಆಯಿತು. ಹುಲ್ಲಪ್ಪ ಲವಂಗ ಕಚ್ಚಿಕೊಂಡು ಬೀರಪ್ಪನಿಗೆ ಹರಕೆ ಹೊತ್ತ. ನಾಲ್ಕನೆಯ ದಿನ ನೋವು ಪೂರ್ತಿ ಮಾಯವಾಯಿತು. ದೇವರು ದೊಡ್ಡವನೆಂದುಕೊಂಡು, ಗುಡಿಗೆ ಹೋಗಿ ಕಾಯಿ ಒಡೆಸಿ ಬಂದು, ಮತ್ತೆ ಬೇರಿಂಗಿಗೆ ಕೈಹಾಕಿದ.

ಯುಗಾದಿ ಮುಗಿದ ಮೇಲೆ, ಹುಳುಕು ತುಂಬಿಸಿಕೊಳ್ಳಲು, ಕೊನೆಗೂ ಸಜ್ಜಾದ ಡ್ರಿಲ್ಲನ್ನು ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿಕೊಂಡು ನವನಗರದ್ದೇ ಡಾಕ್ಟರ್ ರೋಹಿಣಿಯವರ ದವಾಖಾನೆಗೆ ಹೋದ.

“ಮೇಡಮ್ಮಾರ, ಇದರಲೇ ಕೊರೀರಿ. ಇಂಜೆಕ್ಷನ್ ಬ್ಯಾಡ. ಕಾವು ಏರಿದ್ರ ನನಗ ತಿಳೀಬೇಕು.”

ಹಟಕ್ಕೆ ಬಿದ್ದವನ ಜೊತೆ ವಾದವೇಕೆಂದು ಅವರು ಡ್ರಿಲ್ಲನ್ನು ಶುದ್ಧಮಾಡಿಸಿ ಕೊರೆಯತೊಡಗಿದರು. ಸದ್ದು ನಯವಾಗಿತ್ತು, ನೀರು ಧಾರಾಳವಾಗಿ ಬೀಳುತ್ತಿತ್ತು. ಹುಲ್ಲಪ್ಪ ಕಣ್ಣು ಮುಚ್ಚಿ ಕಾದ. ನೋವಿಲ್ಲ, ಜುಮ್ಮೆನ್ನಲಿಲ್ಲ. ಆಳಕ್ಕೆ ಹೋದರೂ ಇಲ್ಲ.

“ನೋಡಿದ್ರ್ಯಾ?” ಎಂದ ಬಾಯಿ ಬಿಡುವಾಗುತ್ತಲೇ. “ಮಷೀನು ಸರಿ ಇದ್ರ ಇಂಜೆಕ್ಷನ್ ಯಾಕ ಬೇಕು?”

ರೋಹಿಣಿ ಹತ್ತಿಯ ತುದಿಗೆ ತಂಪಿನ ಔಷಧ ಹೊಡೆದು ಪಕ್ಕದ ಹಲ್ಲಿಗೆ ಮುಟ್ಟಿಸಿದರು. ಹುಲ್ಲಪ್ಪ ಕುರ್ಚಿಯಲ್ಲೇ ಹಾರಿಬಿದ್ದ. ಅದೇ ಹತ್ತಿಯನ್ನು ಕೊರೆದ ಹಲ್ಲಿಗೆ ಹಿಡಿದರು. ಅವನು ಇನ್ನೂ ಮುಟ್ಟಿಸಿಲ್ಲವೆಂದುಕೊಂಡು ಕಾಯುತ್ತಲೇ ಇದ್ದ.

“ಹುಲ್ಲಪ್ಪಣ್ಣಾರ, ಇದರ ನರ ಸತ್ತೈತ್ರಿ. ಇವತ್ತಲ್ಲ, ಎರಡು ಮೂರು ತಿಂಗಳಾತು. ನಡುವ ಭಾಳ ನೋವಾಗಿ ಒಮ್ಮೆಲೆ ನಿಂತಿತ್ತೇನು?”

ಅವನು ಹೌದೆಂದು ತಲೆಯಾಡಿಸಿ, ದೀಪಾವಳಿಗೆ ಜುಮ್ಮೆಂದದ್ದು, ಸಂಕ್ರಾಂತಿಗೆ ನೋವು ನಿಂತದ್ದು ಎಲ್ಲ ಹೇಳಿದ. “ಕಾವು ಏರಿತ್ತೇನ್ರಿ?” ಎಂದು ಮೆಲ್ಲಗೆ ಕೇಳಿದ.

“ಮಷೀನಿನ ತಪ್ಪೇನಿಲ್ರಿ. ದೀಪಾವಳಿಗೆ ಯಾವ ಮಷೀನಿನಲೇ ಕೊರದಿದ್ರೂ ಉಳೀತಿತ್ತು. ಕಾದ್ರಿ ನೋಡ್ರಿ, ಅದಕ್ಕ ಹೋತು.”

ಊರವರ ನರಕ್ಕೆಲ್ಲ ಕಾವಲಿದ್ದವನು ತನ್ನದು ಸತ್ತದ್ದಕ್ಕೆ ದೇವರಿಗೆ ಕಾಯಿ ಒಡೆಸಿ ಬಂದಿದ್ದ.

ಮನೆಯಲ್ಲಿ ಸಾವಂತ್ರವ್ವ ಬಾಗಿಲಲ್ಲೇ ನಿಂತಿದ್ದಳು. “ಭಾಳ ನೋವಾತೇನು?”

“ಇಲ್ಲ,” ಎಂದ ಹುಲ್ಲಪ್ಪ. “ಒಂಚೂರೂ ಆಗಲಿಲ್ಲ.” ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟ.