ಸೀರಮ್ಮಿನಲ್ಲಿ ಸಿಕ್ಕಿಕೊಂಡ ಔಷಧ

ಗದಗಿನಿಂದ ಬಂದು ಬಿಟಿಎಂ ಲೇಔಟಿನಲ್ಲಿ ರೂಮು ಹಿಡಿದಿದ್ದೆ. ಎರಡು ಸಾವಿರದ ಇಸವಿ ದಾಟಿದ ಹೊಸತು. ಕೆಲಸ ಜೆಪಿ ನಗರದ ಒಂದು ಸಣ್ಣ ಲ್ಯಾಬಿನಲ್ಲಿ. ಎಚ್‌ಐವಿಗೆ ಹೊಸ ಔಷಧ ಹುಡುಕುವ ಪ್ರಯತ್ನ ಅಲ್ಲಿ ನಡೆದಿತ್ತು. ಔಷಧ ತಯಾರಿಸುತ್ತಿದ್ದ ಕೆಮಿಸ್ಟ್ ನನಗಿಂತ ಬಹಳ ಹಿರಿಯರು. ಅವರನ್ನು ಅಕ್ಕ ಎನ್ನುತ್ತಿದ್ದೆ. ಅವರು ಮಾಡಿಕೊಟ್ಟದ್ದನ್ನು ಮನುಷ್ಯರ ಸೀರಮ್ಮಿನಲ್ಲಿ ಬೆರೆಸಿ ನೋಡುವುದು ನನ್ನ ಪಾಲಿಗೆ ಬಂದಿತ್ತು.

ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಹಳದಿ ನೀರೇ ಸೀರಮ್. ಅದರಲ್ಲಿನ ಪ್ರೋಟೀನುಗಳು ಔಷಧವನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಿಡಿತದಲ್ಲಿರುವಷ್ಟು ಹೊತ್ತು ಅದು ಜೀವಕೋಶದ ಒಳಹೊಕ್ಕು ವೈರಸ್ಸನ್ನು ಮುಟ್ಟಲಾರದು. ಬಿಡಿಯಾಗಿ ಉಳಿದಷ್ಟೇ ಉಪಯೋಗಕ್ಕೆ ಬರುತ್ತದೆ. ಒಂದು ತೆಳು ಪೊರೆಯ ಈಚೆ ಬದಿಗೆ ಔಷಧ ಬೆರೆಸಿದ ಸೀರಮ್, ಆಚೆ ಬದಿಗೆ ಉಪ್ಪುನೀರು ಹಾಕಿ, ಮೈಬಿಸಿಯಷ್ಟೇ ಶಾಖದಲ್ಲಿಟ್ಟು, ಪ್ರೋಟೀನು ದಾಟಲಾರದ ಆ ಪೊರೆಯನ್ನು ಬಿಡಿ ಔಷಧ ಎಷ್ಟು ದಾಟಿತೆಂದು ಅಳೆಯುತ್ತಿದ್ದೆ.

ಸೀರಮ್ ಇಲ್ಲದ ಪರೀಕ್ಷೆಗಳಲ್ಲೆಲ್ಲ ಅಕ್ಕನ ಔಷಧ ಗೆದ್ದು ಬಂದಿತ್ತು. ನನ್ನ ಪೊರೆಯನ್ನು ಮಾತ್ರ ಹೆಚ್ಚುಕಡಿಮೆ ದಾಟಲೇ ಇಲ್ಲ. ಮತ್ತೆ ಮಾಡಿದರೂ ಅದೇ. ಅಕ್ಕನಿಗೆ ಹೇಳಲು ಹೋದಾಗ, ಫ್ರೀಜರಿನ ಸೀರಮ್ ಹಳತಾಗಿರಬಹುದು ಎಂದರು. ಹಳತಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ನನ್ನ ರಕ್ತದಲ್ಲೇ ಮಾಡು," ಎಂದರು ಅಕ್ಕ. "ಆಮೇಲೆ ನನಗೂ ಸೀರಮ್ ಹಳತು ಅನ್ನಕ್ಕಾಗಲ್ಲ."

ಪಕ್ಕದ ಕ್ಲಿನಿಕ್ಕಿನ ನರ್ಸ್ ರಕ್ತ ತೆಗೆದುಕೊಟ್ಟರು. ಅದು ಹೆಪ್ಪುಗಟ್ಟುವ ತನಕ ಹೊರಗೆ ಟೀ ಕುಡಿಯುತ್ತ ನಿಂತಾಗ, ಮನೆಯಲ್ಲಿರುವ ತಮ್ಮನಿಗೂ ಎಚ್‌ಐವಿ ಇದೆ ಎಂದು ಅಕ್ಕ ಹೇಳಿದರು. ಹಿಂದೊಮ್ಮೆ ಬೈಕಿನಿಂದ ಬಿದ್ದಾಗ ಹಾಕಿಸಿಕೊಂಡ ರಕ್ತದಿಂದ ಬಂದದ್ದಂತೆ. ಈಗ ನುಂಗುತ್ತಿದ್ದ ಮಾತ್ರೆಗಳಿಂದ ಪಾದ ಉರಿದು ನಿದ್ದೆಯಿರಲಿಲ್ಲ. ಹಾಗಾದರೆ ಇದೆಲ್ಲ ಅವನಿಗಾಗಿಯೇ ಎಂದು ಕೇಳಿದೆ.

"ಅವನಿಗೆ ಅಂತ ಅಲ್ಲ. ಇದು ಮಾತ್ರೆ ಆಗೋ ಹೊತ್ತಿಗೆ ಅವನಿರ್ತಾನೋ ಇಲ್ವೋ. ಆದ್ರೆ ಏನಾಯ್ತು ಅಂತ ದಿನಾ ಕೇಳ್ತಾನೆ."

ಮರುದಿನ ಉತ್ತರ ಬದಲಾಗಿರಲಿಲ್ಲ. ಅಕ್ಕ ನೋಡಿ, ತಮ್ಮ ಮೇಜಿನ ಗಾಜಿನ ಸಾಮಾನೆಲ್ಲ ತೊಳೆದಿಟ್ಟರು. ಹಿಡಿತಕ್ಕೆ ಸಿಕ್ಕಿಯೂ ರೋಗಿಗೆ ಸಾಲುವಷ್ಟು ಬಿಡಿಯಾಗಿ ಉಳಿಯುವಂತೆ ಕೊಟ್ಟರೆ ಲಿವರ್ ತಡೆಯದು ಎಂದು ಮೇಲಿನವರು ಆ ಔಷಧವನ್ನು ಕೈಬಿಟ್ಟರು. ತಮ್ಮನಿಗೆ ಒಬ್ಬಳೇ ಹೋಗಿ ಹೇಳುವ ತ್ರಾಣವಿಲ್ಲ, ನೀನೂ ಬಾ ಎಂದು ಸಂಜೆ ಅಕ್ಕ ಕರೆದರು. ಬನಶಂಕರಿಯಲ್ಲಿ ಬಸ್ಸು ಬದಲಿಸಿ ಇಟ್ಟಮಡುವಿನ ಅವರ ಮನೆಗೆ ಹೋದೆವು.

ಅಕ್ಕನ ತಮ್ಮ ತಣ್ಣೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂತಿದ್ದ. ಅಕ್ಕ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ.

"ಅಂದ್ರೆ ನಿನ್ನ ರಕ್ತಾನೂ ಹಿಡ್ಕೊಂಡ್ಬಿಡ್ತಾ?"

ಅಕ್ಕ ಹೌದೆಂದು ತಲೆಯಾಡಿಸಿದರು.

"ಸರಿ, ಕೈಕಾಲು ತೊಳ್ಕೋ. ಇಬ್ರೂ ಊಟ ಮಾಡಿ," ಎಂದ.

ಅವನು ಬದುಕಿಕೊಂಡ. ಕೆಲವು ವರ್ಷಗಳ ನಂತರ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಬದಲಿಸಿಕೊಟ್ಟರು; ಪಾದದ ಉರಿ ಪೂರ್ತಿ ಹೋಗಲಿಲ್ಲವಂತೆ. ಅಕ್ಕ ಲ್ಯಾಬು ಬಿಟ್ಟು ಜಯನಗರದ ಕಾಲೇಜೊಂದರಲ್ಲಿ ಪಾಠಕ್ಕೆ ಸೇರಿದರು. ನಾನು ಅಲ್ಲಿಯೇ ಉಳಿದೆ. ಆಮೇಲೆ ಬಂದ ಔಷಧಗಳಲ್ಲಿಯೂ ಬಹುಪಾಲು ಒಂದಲ್ಲ ಒಂದು ಕಡೆ ಸೋತವು. ಮಾಡಿದವರಿಗೆ ಫಲಿತಾಂಶ ಹೇಳಲು ಹೋದಾಗ, ಯಾರ ಮನೆಯಲ್ಲಿ ಯಾರು ಕಾಯುತ್ತಿದ್ದಾರೆಂದು ಮಾತ್ರ ಮತ್ತೆಂದೂ ಕೇಳಲಿಲ್ಲ.