ಸುಂದ್ರವ್ವನ ಹತ್ತು ಬೆರಳು

ಬೊಂಬಾಯಿಯ ಗೋರೆಗಾಂವ್ ಸ್ಟೇಷನ್ ಹಿಂದಿನ ಚಾಳಿನಲ್ಲಿ ಖಾನಾವಳಿ ಇಟ್ಟಿದ್ದ ಸುಂದ್ರವ್ವ ದಿನಕ್ಕೆ ನೂರೈವತ್ತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಗಂಡ ತೀರಿಕೊಂಡಿದ್ದ. ಆಕೆಯ ಬದುಕು ನಿಂತಿದ್ದುದು ಎರಡು ಅಂಗೈಗಳ ಮೇಲೆ. ಉಣ್ಣುವವರು ನಾವು ಇಪ್ಪತ್ತು ಮಂದಿ: ಹತ್ತೊಂಬತ್ತು ಜನ ಗಾರೆ ಕೆಲಸದವರು, ಒಬ್ಬ ಗುಮಾಸ್ತ. ಆ ಗುಮಾಸ್ತ ನಾನು.

ಎಪ್ಪತ್ತೊಂದನೇ ಇಸವಿಯಲ್ಲಿ ಆಕೆಯ ಬೆರಳ ಗಿಣ್ಣುಗಳು ಊದಿಕೊಂಡವು. ಬೆಳಿಗ್ಗೆ ಮುಷ್ಟಿ ಮಡಚಲು ಬಾರದು. ತಟ್ಟೆಯ ಮುಂದೆ ಕೂತವರೆಲ್ಲ ವೈದ್ಯರಾದೆವು. "ವಾಯು ಆಗೇತಿ ಯಕ್ಕಾ, ಬದನಿಕಾಯಿ ಬಿಡು" ಎಂದ ಅಣವೀರಪ್ಪ, ಎಣ್ಣೆಗಾಯಿಯನ್ನು ಎರಡನೇ ಸಲ ಹಾಕಿಸಿಕೊಳ್ಳುತ್ತ. ನೋವು ಯಾವಾಗ, ಎಷ್ಟು ಹೊತ್ತು ಎಂದು ಒಬ್ಬನೂ ಕೇಳಲಿಲ್ಲ.

ಕೊನೆಗೆ ಅಂಧೇರಿಯಿಂದ ಬಸವಂತರಾಯ ಎಂಬ ನಾಟಿ ವೈದ್ಯನನ್ನು ಕರೆತಂದೆವು. ನಾಡಿ ಹಿಡಿದು, ಕಣ್ಣು ಮುಚ್ಚಿ, "ಎಲುಬು ತಂಪಾಗ್ಯಾವ" ಎಂದು ಕರಿ ಗುಳಿಗೆ ಕೊಟ್ಟ. ಬರೀ ಬೇರಿನದಂತೆ. ನಾಲ್ಕೇ ದಿನಕ್ಕೆ ಬಾವು ಇಳಿಯಿತು. ನಾವು ಅವನಿಗೆ ಹಾರ ಹಾಕಿದೆವು.

ಗುಳಿಗೆ ನುಂಗುತ್ತಲೇ ಇದ್ದ ಸುಂದ್ರವ್ವನ ಮುಖ ವರ್ಷದೊಳಗೆ ಗುಂಡಗಾಗಿ ಮಿನುಗತೊಡಗಿತು. ನಮ್ಮ ಕಡೆ ಮುಖ ತುಂಬಿದರೆ ಆರೋಗ್ಯ, ಅಷ್ಟೇ ಶಾಸ್ತ್ರ. "ಬೊಂಬಾಯಿ ನೀರು ಹತ್ತೇತಿ ನೋಡು" ಎಂದು ನಮ್ಮಲ್ಲೊಬ್ಬನಾದ ಖಂಡಪ್ಪ ದೃಷ್ಟಿ ತೆಗೆದ. ಕೈಕಾಲು ಕಡ್ಡಿಯಾದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಮೆಟ್ಟಿಲು ಹತ್ತಿ ಏದುಸಿರು ಬಿಟ್ಟಾಗ ಮಾತ್ರ ನಾನು ಆಕೆಯನ್ನು ಸರಕಾರಿ ಆಸ್ಪತ್ರೆಗೆ ಕರೆದೊಯ್ದೆ.

ಅಲ್ಲಿದ್ದ ಡಾಕ್ಟರ್ ಸುಮಿತ್ರಾ ಮೈಸೂರಿನ ಕಡೆಯವರು. ಒಂದೊಂದೇ ಗಿಣ್ಣನ್ನು ಮೆಲ್ಲಗೆ ಒತ್ತಿ ನೋಡಿದರು.

"ಗುಳಿಗೆಗೆ ಮುಂಚೆ, ಬೆಳಿಗ್ಗೆ ಎದ್ದ ಮೇಲೆ ಎಷ್ಟು ಹೊತ್ತು ಬೆರಳು ಬಿಗಿಯಾಗಿರ್ತಿತ್ತು?"

"ಅರವತ್ತು ರೊಟ್ಟಿ ಆಗೂತನಕ ರೀ."

ನಾನು ಎರಡು ತಾಸು ಎಂದು ಬಿಡಿಸಿ ಹೇಳಿದೆ. ಡಾಕ್ಟರ್ ನಗಲಿಲ್ಲ.

"ಇದು ಕೀಲೊಳಗಿನ ಉರಿಯೂತ ಕಣಮ್ಮ. ಆ ಗುಳಿಗೇಲಿ ಸ್ಟೆರಾಯ್ಡ್ ಬೆರೆಸಿದ್ದಾರೆ ಅನ್ಸುತ್ತೆ, ಮುಖ ಊದಿರೋದು ಅದಕ್ಕೇ. ತಟ್ಟನೆ ನಿಲ್ಲಿಸಿದರೆ ಅಪಾಯ, ನಾವೇ ನಿಧಾನವಾಗಿ ಇಳಿಸ್ತೀವಿ. ಆದ್ರೆ ಕೈಗೆ ವಿಶ್ರಾಂತಿ ಬೇಕು. ಇಲ್ಲಾಂದ್ರೆ ಬೆರಳು ಸೊಟ್ಟಗಾಗುತ್ತೆ."

ಮರುದಿನ ಸುಂದ್ರವ್ವ ಸಾರಿದಳು: "ಇವತ್ತಿನಿಂದ ಬರೇ ಅನ್ನ ಸಾರು."

ಅಣವೀರಪ್ಪನೇ ಮೊದಲು ಬಾಯಿ ಬಿಟ್ಟ: "ಯಕ್ಕಾ, ಇನ್ನಾರು ತಿಂಗಳು ಆ ಕರಿ ಗುಳಿಗೀನ ನುಂಗಿದ್ರ ಏನಾಕ್ಕೈತಿ?"

"ಬೆರಳು ಸೊಟ್ಟಾದ ಮ್ಯಾಲ ನನ್ನ ತಲಿ ನೀ ಬಂದು ಬಾಚ್ತೀಯೇನೋ?"

ನಮಗೆ ರೊಟ್ಟಿಯ ಹಸಿವೆ. ವಾರದಲ್ಲಿ ಹದಿನೈದು ಮಂದಿ ಖಾನಾವಳಿ ಬದಲಿಸಿದರು. ಉಳಿದ ಐವರ ಅನ್ನದ ಮೇಲೆ ಆಕೆ ಹೇಗೋ ದಿನ ನೂಕಿದಳು.

ಆ ಹದಿನೈದು ಮಂದಿಯಲ್ಲಿ ನಾನೂ ಒಬ್ಬ. ಹೊಸ ಖಾನಾವಳಿಯ ನೀಲಾಬಾಯಿ ಇನ್ನೂ ಎಳೆಯಳು. ತಟ್ಟೆ ಇಡುವಾಗ ನಾನು ಮೊದಲು ನೋಡಿದ್ದು ಅವಳ ಬೆರಳುಗಳನ್ನು. ನೆಟ್ಟಗಿದ್ದವು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ನಾಲ್ಕು ರೊಟ್ಟಿ ತಿಂದೆ.