ಹಗರಿ ಮರಳಿನ ಸಿಹಿ ಒರತೆ

ಬಿಳಿ ಸಿಪಾಯಿಗಳ ದಂಡು ಬಳ್ಳಾರಿಯಲ್ಲಿದ್ದ ಕಾಲ. ಬೆಳಿಗ್ಗೆ ಪೇಟೆಗೆ ಹೋಗಿ ಸಂಜೆ ಮರಳಬಹುದಾದಷ್ಟು ದೂರದಲ್ಲಿ, ಹಗರಿ ಹೊಳೆಯ ದಂಡೆಯ ಮೇಲೆ ನಮ್ಮ ಕೇರಿ ಇತ್ತು. ಪೇಟೆಗೆ ಮೊಸರು, ಸೊಪ್ಪು, ನೀರು ಮಾರಿ ಬದುಕುವ ಮನೆಗಳು. ಬೇಸಿಗೆಯಲ್ಲಿ ಹೊಳೆ ಎಂದರೆ ಬರೀ ಮರಳು. ಆಗ ಮನೆಗೊಂದು ಒರತೆ ತೋಡಿ, ತಳದಲ್ಲಿ ಒಸರುವ ನೀರನ್ನು ತೆಂಗಿನ ಪರಟೆಯಿಂದ ಮೊಗೆದು ಕೊಡ ತುಂಬುತ್ತಿದ್ದರು. ಹೊಳೆ ಬರುವವರೆಗೆ ತೋಡಿದವರದೇ ಒರತೆ. ಕೊಡ ಹಿಡಿದು ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು. ಸತ್ತ ಪ್ರಾಣಿ ಬಿದ್ದ ಒರತೆಯನ್ನು ಬಿಟ್ಟುಬಿಡಬೇಕು. ಅದರ ಪಕ್ಕದ ಜಾಗ ಮೊದಲು ತೋಡಿದವರಿಗೆ. ಸತ್ತದ್ದನ್ನು ಮುಟ್ಟಿದವರು ಮೈ ತೊಳೆಯುವವರೆಗೆ ಯಾರ ಒರತೆಯ ಹತ್ತಿರವೂ ಬರಕೂಡದು. ಈ ಕಟ್ಟಳೆಗಳನ್ನು ಯಾರೂ ಮೀರುತ್ತಿರಲಿಲ್ಲ.

ಆ ಬೇಸಿಗೆ ಎಲ್ಲರಿಗಿಂತ ಸಿಹಿ ನೀರು ಸಿಕ್ಕಿದ್ದು ಪಿಂಜಾರರ ಮುದುಕಿಗೆ. ಕೇರಿ ಅವಳನ್ನು ಬೂಬಮ್ಮ ಎನ್ನುತ್ತಿತ್ತು. ಮಗ ದಂಡಿನ ಬಂಗಲೆಗಳಲ್ಲಿ ಗಾದಿಗೆ ಹತ್ತಿ ಹಿಂಜಲು ಹೋದರೆ ವಾರಗಟ್ಟಲೆ ಅಲ್ಲೇ. ಮನೆಯಲ್ಲಿದ್ದವಳು ದಿನ ತುಂಬಿದ ಸೊಸೆ. ನಮ್ಮ ದೊಡ್ಡಪ್ಪ ಬಂಡಿಯಲ್ಲಿ ಹಂಡೆಗಳನ್ನಿಟ್ಟು ಬ್ರೂಸ್‌ಪೇಟೆಗೆ ನೀರು ಒಯ್ಯುತ್ತಿದ್ದ. ಅವನ ಒರತೆ ಸವಳಾಗಿ, ಗಿರಾಕಿಗಳು ಅವನ ಎದುರಿಗೇ ನೀರು ಚೆಲ್ಲತೊಡಗಿದ್ದರು. ಒರತೆ ಬಿಟ್ಟುಕೊಡು ಎಂದು ಬೂಬಮ್ಮನನ್ನು ಕೇಳಿದ. ಹೆರಿಗೆ ಆಗಲಿ, ಆಮೇಲೆ ನೀವೇ ತೆಗೆದುಕೊಳ್ಳಿ ಎಂದು ಅವಳು ಕೈಮುಗಿದಳು.

"ನಿನ್ನ ಸೊಸಿ ಹಡಿಯಾಕ ಹೊಳಿನ ಬೇಕೇನಬೇ ಬೂಬಮ್ಮ? ಹುಟ್ಟೋದು ಕೂಸೋ, ಮೀನೋ?" ಎಂದ. ಸುತ್ತಲಿದ್ದವರು ನಕ್ಕರು.

ಆ ವಾರವೇ ಒಂದು ಬೆಳಿಗ್ಗೆ ಅವಳ ಒರತೆಯಲ್ಲಿ ಸತ್ತ ನಾಯಿ ಬಿದ್ದಿತ್ತು. ಹಾಕಿದವರನ್ನು ನಾನು ನೋಡಿಲ್ಲ. ಹಿಂದಿನ ಸಂಜೆ ಅದೇ ನಾಯಿ ದೊಡ್ಡಪ್ಪನ ಬಣವೆಯ ಹಿಂದೆ ಸತ್ತು ಬಿದ್ದದ್ದನ್ನು ನೋಡಿದ್ದೆ.

ಸೊಸೆಗೆ ನೋವು ಶುರುವಾಗಿತ್ತು. ಮುದುಕಿ ನಾಯಿಯ ಕಾಲು ಹಿಡಿದು ಹೊರಗೆಳೆದು, ಖಾಲಿ ಕೊಡ ಎತ್ತಿಕೊಂಡು ಪಕ್ಕದ ಒರತೆಗೆ ಬಂದಳು.

"ದೂರ ನಿಂದ್ರಬೇ. ನಾಯಿ ಮುಟ್ಟೀದಿ. ಮೈ ತೊಳಕೊಂಡು ಬಾ, ಹಾಕತೀವಿ" ಎಂದಳು ಅಲ್ಲಿ ಮೊಗೆಯುತ್ತಿದ್ದ ಹೆಂಗಸು.

"ತೊಳಕೊಳ್ಳಾಕ ಒಂದು ಕೊಡ ಹಾಕ್ರೆವ್ವಾ."

"ತೊಳಕೊಂಡ ಮ್ಯಾಲೆ."

ಮುಂದಿನ ಒರತೆಯಲ್ಲೂ ಇದೇ ಉತ್ತರ, ಅದರಾಚೆಗಿನದರಲ್ಲೂ ಇದೇ. ನಮ್ಮ ತಾಯಿಯ ಕೊಡ ತುಂಬಿತ್ತು. ತಲೆಯ ಮೇಲಿಟ್ಟುಕೊಂಡು ಮನೆಗೆ ನಡೆದಳು. ಕೊನೆಗೆ ಮುದುಕಿ ನಾಯಿ ಬಿದ್ದ ಒರತೆಗೇ ಇಳಿದು ಆ ನೀರನ್ನೇ ತುಂಬಿಕೊಂಡು ಹೋದಳು. ಬಾಣಂತಿ ಕುಡಿದದ್ದು ಅದನ್ನೇ, ಕೂಸಿಗೆ ಎರೆದದ್ದೂ ಅದನ್ನೇ. ಮಧ್ಯಾಹ್ನದ ಹೊತ್ತಿಗೆ ದೊಡ್ಡಪ್ಪ ಅದರ ಪಕ್ಕದಲ್ಲೇ, ಹೊಳೆಯ ಮೇಲುಗಡೆಗೆ, ಹೊಸ ಒರತೆ ತೋಡಿ ಮುಳ್ಳು ಹೊದಿಸಿದ್ದ. ಕಟ್ಟಳೆಯಂತೆ ಅದು ಅವನದಾಯಿತು. ನೀರು ಸಿಹಿಯಾಗಿತ್ತು.

ಮೊದಲು ಕೂಸು ಹೋಯಿತು, ಅದರ ಹಿಂದೆಯೇ ತಾಯಿ. ಸುದ್ದಿ ತಿಳಿದು ಬೂಬಮ್ಮನ ಮಗ ದಂಡಿನಿಂದ ಬಂದ. ಸ್ನಾನ ಮಾಡಿಸದೆ ಅವರಲ್ಲಿ ಹೆಣವನ್ನು ಮಣ್ಣು ಮಾಡುವ ಹಾಗಿಲ್ಲ. ಅವನು ಕೊಡಗಳನ್ನು ಹಿಡಿದು ದೊಡ್ಡಪ್ಪನ ಒರತೆಯ ಮುಂದೆ ನಿಂತ. ಹೆಣವನ್ನು ಇನ್ನೂ ಮುಟ್ಟಿರಲಿಲ್ಲವಾದ್ದರಿಂದ ಯಾರೂ ತಕರಾರು ತೆಗೆಯಲಿಲ್ಲ. ಬೂಬಮ್ಮ ಅವನಿಗೆ ಏನು ಹೇಳಿದ್ದಳೋ ಗೊತ್ತಿಲ್ಲ.

ದೊಡ್ಡಪ್ಪ ತಾನೇ ಒಳಗಿಳಿದು ಮೊಗೆದು ಸುರಿದ.

"ಬೇಕಾದಷ್ಟು ಒಯ್ಯಪ್ಪ. ನೀರಿಗೆ ಯಾರು ಇಲ್ಲ ಅಂತಾರ?"

ಅವನು ಸಲಾಮು ಮಾಡಿ ಕೊಡ ಹೊತ್ತು ಹೋದ. ಆ ದಿನ ನೀರಿನ ಬಂಡಿ ಪೇಟೆಗೆ ತಡವಾಗಿ ಹೊರಟಿತು. ಸತ್ತವರ ಮನೆಗಾಗಿ ದೊಡ್ಡಪ್ಪ ವ್ಯಾಪಾರ ಬಿಟ್ಟು ನಿಂತನೆಂದು ಕೇರಿಯವರು ಬಹಳ ಕಾಲ ಹೊಗಳುತ್ತಿದ್ದರು.